ಎರಡು ಗೇಣು ಜಮಖಾನ

ದೋಣಿಗೆ ಏನೂ ಆಗಿರಲಿಲ್ಲ.
ಇಪ್ಪತ್ತೊಂದು ಅಡಿ ಫೈಬರ್, ಹೊಸ ಎಂಜಿನ್,
ಮೂತಿಯಲ್ಲಿ ಒಂದು ಗೀರು, ಅಷ್ಟೆ.
ಕಾಯಿಲೆಯೆಲ್ಲ ಟ್ರೇಲರಿನದು:
ಉದ್ದಕ್ಕೆ ಮಲಗಿದ ಎರಡು ಮರದ ಹಲಗೆ,
ಹಲಗೆಗೆ ಹೊಡೆದ ಜಮಖಾನ,
ಜಮಖಾನದೊಳಗೆ ಹನ್ನೊಂದು ವರ್ಷದ ಉಪ್ಪು.

ಅಲ್ ರಮ್ಸ್‌ನ ಇಳಿಜಾರಿನಲ್ಲಿ
ಶುಕ್ರವಾರ ಬಂದರೆ ಇದೇ ನಾಟಕ.
ಖಲ್ಫಾನ್ ಅಜ್ಜ ಮೊಣಕಾಲುದ್ದ ನೀರಲ್ಲಿ ನಿಂತು
ರಾಟೆಯ ಹಿಡಿ ತಿರುಗಿಸುತ್ತಾನೆ,
ಪಟ್ಟಿ ಕಿರುಗುಟ್ಟುತ್ತದೆ, ದೋಣಿ ಅರ್ಧ ಹತ್ತಿ
ಗದ್ದೆಯಂಚಿನ ಕೋಣದ ಹಾಗೆ ನಿಂತುಬಿಡುತ್ತದೆ.
ಹಿಂದೆ ಕಾದ ಗಾಡಿಗಳ ಹಾರ್ನು.
ಎರಡು ವರ್ಷದ ಹಿಂದೆ ಎದೆ ಕೊಯ್ಸಿಕೊಂಡವ,
ಯಾರ ಕೈಯನ್ನೂ ಹಿಡಿಗೆ ತಾಗಗೊಡುವುದಿಲ್ಲ.

"ಇದನ್ನು ಸುಲಭ ಮಾಡು" ಅಂದ ನನಗೆ,
ಅರಬ್ಬಿ ಹಿಂದಿ ಕಲೆಸಿದ ಮಾತಲ್ಲಿ.
"ನಾನೊಬ್ಬನೇ ಹತ್ತಿಸಬೇಕು. ಮಗನಿಗೆ ಫೋನ್ ಮಾಡದೆ."

ನಮ್ಮ ಕೋಡಿಯಲ್ಲಿ ನಾನು ಟ್ರೇಲರ್ ಕಂಡವನಲ್ಲ.
ಮರಳಿಗೆ ಅಡ್ಡಡ್ಡ ಮರದ ತುಂಡು,
ತುಂಡಿಗೆ ಮೀನೆಣ್ಣೆ, ದೋಣಿಗೆ ಹನ್ನೆರಡು ಹೆಗಲು.
ಎಣ್ಣೆ ಸವರುವುದು ಮಾತ್ರ ನನ್ನ ಪಾಲು,
ಏಳು ವರ್ಷದವನ ಪಾಲು;
ಕೈ ಮೂಸಿದರೆ ಅನ್ನ ಇಳಿಯುತ್ತಿರಲಿಲ್ಲ.
ಇಲ್ಲಿ ಹೆಗಲುಗಳಿಲ್ಲ. ಒಂದು ಡ್ರಿಲ್ಲು,
ನಾನು, ಮತ್ತೆ ಪಠಾಣ ಗುಲ್ ಜಮಾನ್;
ಅವನ ಊರಿಗೆ ಸಮುದ್ರವೇ ಇಲ್ಲ.

ಮೊದಲು ಸಾಬೂನು ಬಳಿದೆವು. ಒಂದೇ ಮುಳುಗಿಗೆ ಹೋಯಿತು.
ಸಿಲಿಕಾನ್ ಸ್ಪ್ರೇ ಎರಡು ಶುಕ್ರವಾರ ಬಾಳಿತು.
ಟ್ರೇಲರನ್ನೇ ಇನ್ನಷ್ಟು ಆಳಕ್ಕಿಳಿಸಿದರೆ
ದೋಣಿ ತೇಲಿ, ನಡು ತಪ್ಪಿ,
ಮುನಿದ ಮದುಮಗಳ ಹಾಗೆ ಓರೆಯಾಗಿ ಕೂತಿತು.

ಆಮೇಲೆ ಗುಲ್ ಜಮಾನ್ ಎಲ್ಲಿಂದಲೋ ಹೊತ್ತು ತಂದ,
ಬಾಗಿಲು ಹಾಕಿದ ಯಾವುದೋ ಹೋಟೆಲಿನ
ತರಕಾರಿ ಕೊಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಗಳು, ಒಂಬತ್ತು.
ಮೈತುಂಬ ಚಾಕುವಿನ ಗೆರೆ.
ಒಂದಕ್ಕೆ ಇನ್ನೂ ಈರುಳ್ಳಿ ವಾಸನೆ.

ನಾಲ್ಕು ಬೆರಳಗಲಕ್ಕೆ ಸೀಳಿದೆ. ಅಂಚು ಉಜ್ಜಿದೆ.
ಸ್ಕ್ರೂವಿನ ತಲೆ ಮೇಲೆ ಕಾಣದಂತೆ
ಗುಳಿ ತೋಡಿ ಕೂರಿಸಿದೆ;
ತಲೆ ಎತ್ತಿದರೆ ದೋಣಿಯ ಹೊಟ್ಟೆ ಸೀಳಬಹುದು.
ಇಲ್ಲಿನ ಬಿಸಿಲಿಗೆ ಪ್ಲಾಸ್ಟಿಕ್ ಕೂಡ ಮೈ ಚಾಚುತ್ತದೆಂದು
ತುಂಡು ತುಂಡಿನ ನಡುವೆ ಉಗುರು ಹೋಗುವಷ್ಟು ಸಂದು.
ಹಿಂದುಗಡೆ ಎರಡು ಪೈಪು ನಿಲ್ಲಿಸಿದೆ,
ದೋಣಿ ದಾರಿ ತಪ್ಪದಿರಲಿ ಅಂತ.

ಜಮಖಾನ ಕೀಳುತ್ತಿದ್ದಾಗ ಅಜ್ಜ ಬಂದ.
ಉಪ್ಪಿನಡಿ ಕೆಂಪು, ಕೆಂಪಿನಲ್ಲಿ ಹೂಬಳ್ಳಿ.
ಅಂಗಡಿಯ ಬೂದು ಬಟ್ಟೆಯಲ್ಲ ಇದು,
ಯಾವುದೋ ಮಜ್ಲಿಸಿನಲ್ಲಿ ಹಾಸಿದ್ದು,
ಒಂದು ಮೂಲೆಗೆ ಕಾಫಿ ಚೆಲ್ಲಿದ ಕಲೆ.
"ಮುಂದುಗಡೆ ಎರಡು ಗೇಣು ಬಿಡು" ಅಂದ.
ಯಾಕೆ ಅನ್ನಲಿಲ್ಲ.
ನಾನೂ ಕೇಳದೆ, ಕತ್ತರಿಯನ್ನು ಅಲ್ಲಿಗೇ ನಿಲ್ಲಿಸಿದೆ.

ಮೊದಲ ಸಲ ಇಳಿಸುವ ದಿನ,
ಹಳೆಯ ರೂಢಿ,
ಚಕ್ರ ನೀರು ಕಾಣುವ ಮೊದಲೇ ಕೊಂಡಿಗೆ ಕೈಹಾಕಿದ.
ನನ್ನ ಬಾಯಿಂದ ಊರ ಮಾತೇ ಹೊರಟಿತು:
"ಬಿಡೂಕಾಗ! ನೀರ್ ಮುಟ್ಟೂವರಿಗೆ ಕೊಂಡಿ ಬಿಡೂಕಾಗ!"
ಅವನಿಗೆ ಹೇಗೆ ತಿಳಿಯಿತೋ, ಕೈ ನಿಂತಿತು.
ಅಷ್ಟರಲ್ಲೇ ಪಟ್ಟಿ ಸಡಿಲಾಗಿ
ದೋಣಿ ಒಂದು ಗೇಣು ಜಾರಿ,
ಕೆಂಪು ಜಮಖಾನದ ತುದಿಯಲ್ಲಿ ತಡೆದು ನಿಂತಿತು.
ನನಗೆ ಹಾಗೆ ಕಂಡಿತು.
ಹಗ್ಗ ಹಿಡಿದದ್ದು ಅಂತ ಗುಲ್ ಜಮಾನ್ ಈಗಲೂ ಆಣೆ ಇಡುತ್ತಾನೆ.

ಮಧ್ಯಾಹ್ನ ಮರಳಿದಾಗ ತಟ್ಟೆಯಲ್ಲಿ ಎರಡೇ ಮೀನು.
ಹಲಗೆ ಮುಕ್ಕಾಲು ಮುಳುಗುವಷ್ಟು ಟ್ರೇಲರ್ ಇಳಿಸಿ,
ಕೊಂಡಿ ಸಿಕ್ಕಿಸಿ, ಹಿಡಿ ತಿರುಗಿಸಿದ.
ಹದಿನಾರು ಸುತ್ತು. ಎಣಿಸಿದ್ದೇನೆ.
ಪಟ್ಟಿ ಸದ್ದೆತ್ತಲಿಲ್ಲ.
ದೋಣಿ ತನ್ನ ಜಾಗ ಗೊತ್ತಿರುವಂತೆ ಬಂದು ಕೂತಿತು.

ಅಜ್ಜ ಅದನ್ನೇ ನೋಡಿದ.
ನನ್ನನ್ನು ನೋಡಲಿಲ್ಲ.
ಗಾಡಿ ಹತ್ತಿ, ಹಿಂದೆ ಬಿಟ್ಟು,
ದೋಣಿಯನ್ನು ಮತ್ತೆ ನೀರಿಗಿಳಿಸಿದ.
ಮತ್ತೆ ಹತ್ತಿಸಿದ.
ಮತ್ತೆ ಇಳಿಸಿದ.
ಹಿಂದಿನವ ಹಾರ್ನು ಹೊಡೆಯತೊಡಗಿದ.